ಚಿತ್ರದ ಕೆಳಗಿನ ಎರಡು ಬೆರಳು ಕಾಗದ

ಫ್ರೇಮ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಇಳಿದಿರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟು: ನಿಮ್ಮ ಕೆಲಸವನ್ನು ಯಾರೂ ನೋಡುವುದಿಲ್ಲ. ಜನ ಚಿತ್ರವನ್ನು ನೋಡುತ್ತಾರೆ. ಫ್ರೇಮು ಕಣ್ಣಿಗೆ ಬಿತ್ತು ಎಂದರೆ ನೀವು ಏನೋ ಎಡವಟ್ಟು ಮಾಡಿದ್ದೀರಿ ಎಂದೇ ಅರ್ಥ. ದುಬೈಯ ಸತ್ವಾದ ಒಂದು ಫ್ರೇಮ್ ಅಂಗಡಿಯಲ್ಲಿ ನಾನು ಹದಿನೇಳೋ ಹದಿನೆಂಟೋ ವರ್ಷ ದುಡಿದೆ. ಹಳೆಯ ಪಾಸ್‌ಪೋರ್ಟ್ ತೆರೆದರೆ ಸರಿಯಾದ ಸಂಖ್ಯೆ ಸಿಗುತ್ತದೆ. ಬೇಕೆಂದೇ ತೆರೆಯುತ್ತಿಲ್ಲ. ನನ್ನ ನೆನಪು ಎಷ್ಟು ತಪ್ಪುತ್ತದೆ ಎನ್ನುವುದೂ ಈ ಬರಹದ ವಿಷಯವೇ ಆದ್ದರಿಂದ ಅದು ತನ್ನ ಪಾಡಿಗೆ ತಪ್ಪಲಿ.

ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವನು. ಊರಿನ ಖಾಸಗಿ ಕಾಲೇಜಿನಲ್ಲಿ ಕೆಲವು ವರ್ಷ ಅರೆಕಾಲಿಕ ಪಾಠ ಮಾಡಿದೆ. ಆ ಓದಿನಿಂದ ಉಳಿದದ್ದು ಒಂದೇ ಚಟ, ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವುದು. 'ಆರ್ಟ್ ಗ್ಯಾಲರಿಯಲ್ಲಿ ಕೆಲಸ' ಎಂದು ಸಂಬಂಧಿಕರೊಬ್ಬರು ವೀಸಾ ಕಳಿಸಿದಾಗ ಮಾತ್ರ ಆಧಾರ ಕೇಳಲು ಮರೆತೆ. ಬಂದು ನೋಡಿದರೆ ದರ್ಜಿ ಅಂಗಡಿಗೂ ಗ್ಯಾರೇಜಿಗೂ ನಡುವೆ ಒಂದು ಕಿರಿದಾದ ಮಳಿಗೆ, ಮರದ ಪಟ್ಟಿಗಳ ರಾಶಿ, ಗಾಜು ಕೊರೆಯುವ ಸದ್ದು.

ಅಂಗಡಿಯ ಲೈಸೆನ್ಸು ಅರಬರೊಬ್ಬರ ಹೆಸರಿನಲ್ಲಿತ್ತು. ಅಂಗಡಿ ನಡೆಸುತ್ತಿದ್ದವರು ಕಾಪು ಕಡೆಯ ಭೋಜಣ್ಣ. ಮೊದಲ ವಾರವೇ ಅವರು ನನಗೆ 'ಮಾಸ್ಟ್ರು' ಎಂದು ಹೆಸರಿಟ್ಟರು. ಅದು ಗೌರವವಲ್ಲ, ದೂರು.

"ಗಿರಾಕಿಗೆ ಬೇಕಾದದ್ದು ಎದುರು ಮಾತ್ರ, ಮಾಸ್ಟ್ರೇ. ಹಿಂದೆ ಎಂತ ಉಂಟು ಅಂತ ಯಾರು ನೋಡ್ತಾರೆ? ನೀವು ಪ್ರತಿಯೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದ್ರೆ ಸಂಜೆ ಒಳಗೆ ಎಷ್ಟು ಕಟ್ತೀರಿ?"

ಅವರ ಪದ್ಧತಿ ಎರಡು. ಕಾಗದವನ್ನು ರಟ್ಟಿಗೆ ಪೂರ್ತಿ ಅಂಟಿಸಿಬಿಡುವುದು, ಏಕೆಂದರೆ ಅಲ್ಲಿನ ಸೆಕೆಗೂ ಒಳಗಿನ ಎಸಿಗೂ ನಡುವೆ ಸಿಕ್ಕಿದ ಕಾಗದ ಹಪ್ಪಳದಂತೆ ಸುರುಳುತ್ತದೆ. ಮತ್ತೆ, ಅಳತೆಗೆ ಸಿದ್ಧವಿರುವ ಫ್ರೇಮಿಗೆ ಕಾಗದ ಹಿಡಿಸದಿದ್ದರೆ ಕಾಗದದ ಅಂಚನ್ನೇ ಕತ್ತರಿಸುವುದು. ಎರಡೂ ತಪ್ಪು. ಎರಡನ್ನೂ ನಾನು ಮಾಡಿದ್ದೇನೆ.

ಅಂಟಿಸಿದ ತಪ್ಪು ಮೊದಲು. ಜೆಸಿಂತಾ ಎಂಬ ನರ್ಸು, ಬೆಳ್ಮಣ್ಣು ಕಡೆಯ ಕೊಂಕಣಿ ಹುಡುಗಿ, ಆಗ ದುಬೈಯದೇ ದೇರಾ ಬಡಾವಣೆಯ ಒಂದು ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ್ದಳು. ಒಂದು ಕೋಣೆಯಲ್ಲಿ ಆರು ಜನ ಇರುವ ಫ್ಲ್ಯಾಟಿನಲ್ಲಿ ತನ್ನ ಮಂಚದ ಮೇಲೆ ತೂಗುಹಾಕಲು ನರ್ಸಿಂಗ್ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದಳು. ನಾನು ಅಂಗಡಿಯ ಪದ್ಧತಿಯಂತೆ ಮೈದಾ ಅಂಟು ಬಳಿದು ರಟ್ಟಿಗೆ ಚೆನ್ನಾಗಿ ಒತ್ತಿ ಕೂರಿಸಿದೆ. ಒಂದು ಸುಕ್ಕೂ ಇಲ್ಲ. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿದೆ. ಆರು ತಿಂಗಳ ಮೇಲೆ ಅವಳು ಫ್ರೇಮನ್ನು ಎದೆಗವಚಿಕೊಂಡು ಓಡಿಬಂದಳು.

"ಇದರ ಹಿಂದೆ ಅಟೆಸ್ಟೇಶನ್ ಸ್ಟಾಂಪ್ ಇತ್ತಲ್ಲ ಸರ್! ಮಂಗಳೂರು, ಡೆಲ್ಲಿ, ಎಂಬೆಸಿ, ಎಲ್ಲ ಹಿಂದೆಯೇ ಇದ್ದದ್ದು. ಲೈಸೆನ್ಸ್ ರಿನ್ಯೂ ಮಾಡ್ಲಿಕ್ಕೆ ಅದೇ ಬೇಕಂತೆ. ನೀವು ಎಂತ ಮಾಡಿದ್ದು ಇದು?"

ಗಲ್ಫಿನಲ್ಲಿ ಒಂದು ಸರ್ಟಿಫಿಕೇಟಿನ ಜೀವ ಇರುವುದು ಅದರ ಬೆನ್ನಿನಲ್ಲಿ. ಅದನ್ನೇ ನಾನು ರಟ್ಟಿಗೆ ಅಂಟಿಸಿದ್ದೆ. ಭೋಜಣ್ಣ ನನಗೆ ಮಾತ್ರ ಅರ್ಥವಾಗಲೆಂದು ತುಳುವಿನಲ್ಲಿ, ಕೊಟ್ಟದ್ದೇ ಹೀಗೆ ಎಂದುಬಿಡಿ ಎಂದರು. ಜೆಸಿಂತಾಳಿಗೂ ತುಳು ಬರುತ್ತಿತ್ತು. ಅವಳು ಅವರತ್ತ ನೋಡಿದ ನೋಟಕ್ಕೆ ಭೋಜಣ್ಣ ಚಾ ತರಿಸುತ್ತೇನೆ ಎಂದು ಎದ್ದು ಹೋದರು. ನಾನು ಎರಡು ದಿನ ಒದ್ದೆ ಒತ್ತುಕಾಗದ ಇಟ್ಟು, ಸ್ವಲ್ಪ ಸ್ವಲ್ಪವೇ ಅಂಟು ಬಿಡಿಸಿದೆ. ಸ್ಟಾಂಪುಗಳು ಹೊರಬಂದವು. ಒಂದು ಮೊಹರು ಮಾತ್ರ ತುಸು ಮಸುಕಾಯಿತು. ಅವಳ ಲೈಸೆನ್ಸ್ ಆಯಿತು. ಆ ಮಸುಕಿನ ವಿಷಯ ಅವಳು ಮುಂದೆಂದೂ ಬಿಡಲಿಲ್ಲ.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಪ್ರತಿ ಫ್ರೇಮಿನ ಹಿಂದೆ ಒಂದು ಚೀಟಿ. ಕಟ್ಟಿದವರು ಯಾರು, ಯಾವ ಅಂಟು, ಕಾಗದಕ್ಕೆ ಏನು ಮಾಡಿದೆವು, ಇಷ್ಟನ್ನು ಅದರಲ್ಲಿ ಬರೆಯುವುದು. ಭೋಜಣ್ಣ ನಕ್ಕರು. "ಡಾಕ್ಟ್ರು ಪ್ರಿಸ್ಕ್ರಿಪ್ಶನ್ ಬರೆದ ಹಾಗೆ. ಗೋಡೆ ಓದ್ತದಾ ಅದನ್ನು?" ನಾನು ಬಿಡಲಿಲ್ಲ. ಒಂದು ಸಲ ಬಿಟ್ಟೆ. ಈ ಬರಹ ಆ ಒಂದು ಸಲದ ಕುರಿತು.

ಕೆಲವು ವರ್ಷಗಳ ನಂತರ ಜೆಸಿಂತಾ ಮದುವೆಯಾಗಿ ಅಬುಧಾಬಿಗೆ ಹೋದಳು. ಅಲ್ಲಿ ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿ ಡಾಕ್ಟರ್ ಸಲ್ಡಾನ ನಡೆಸುತ್ತಿದ್ದ ಕ್ಲಿನಿಕ್ಕಿಗೆ ಸೇರಿದಳು. ಡಾಕ್ಟರರು ಮಂಗಳೂರಿನವರು, ಇಂಗ್ಲೆಂಡಿನಲ್ಲಿ ಓದಿದವರು. ಒಂದು ದಿನ ಅವರೇ ದೊಡ್ಡ ಫೋಲ್ಡರ್ ಹಿಡಿದು ಸತ್ವಾಕ್ಕೆ ಬಂದರು.

"ನನ್ನ ಸಿಸ್ಟರ್ ಹೇಳಿದಳು, ನೀವು ತಪ್ಪು ಮಾಡಿದರೆ ಒಪ್ಪಿಕೊಳ್ತೀರಂತೆ. ಅಂಥ ಫ್ರೇಮಿನವರು ಬೇಕಿತ್ತು."

ಫೋಲ್ಡರಿನಲ್ಲಿ ಹದಿನಾಲ್ಕು ಚಿತ್ರಗಳಿದ್ದವು. ಜೆಸಿಂತಾ ಹದಿಮೂರು ಎನ್ನುತ್ತಾಳೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ವಾರಪತ್ರಿಕೆಗಳಲ್ಲಿ ಅಚ್ಚಾದ ನಗೆಚಿತ್ರಗಳು ಅವು. ಎಲ್ಲವೂ ಡಾಕ್ಟರು ಮತ್ತು ರೋಗಿಗಳ ಮೇಲೆ. ಓದುವ ದಿನಗಳಲ್ಲಿ ಡಾಕ್ಟರರು ಹಳೆ ಪುಸ್ತಕದ ಗಾಡಿಗಳಲ್ಲಿ ಒಂದೊಂದೇ ಹಾಳೆ ಆರಿಸಿ ಕೂಡಿಟ್ಟಿದ್ದರಂತೆ. ಮರದಲ್ಲಿ ಕೆತ್ತಿ ಒತ್ತಿದ ಅಚ್ಚು, ಕೂದಲೆಳೆಯಂಥ ಗೆರೆಗಳು, ಎತ್ತರದ ಟೋಪಿ, ಸೊಟ್ಟ ಮೂಗು, ಉಬ್ಬಿದ ಹೊಟ್ಟೆ. ಕೆಲವಕ್ಕೆ ಬಣ್ಣ ಹಾಕಿತ್ತು. ಈ ಬಣ್ಣ ಆಗಿನದಲ್ಲ, ಮಾರುವವರು ಈಚೆಗೆ ಹಚ್ಚಿದ್ದು ಎಂದು ನಾನು ಹೇಳಿದೆ. ಗೆರೆಯ ಮೇಲೆ ಹರಿದಿದ್ದ ಬಣ್ಣವನ್ನು ತೋರಿಸಿದೆ. ಬೇರೆ ಗಿರಾಕಿ ಆಗಿದ್ದರೆ ಮುಖ ಸಿಂಡರಿಸುತ್ತಿದ್ದ. ಅವರು ಬಿದ್ದು ಬಿದ್ದು ನಕ್ಕರು.

ಪ್ರತಿ ಚಿತ್ರದ ಕೆಳಗೆ ಎರಡು ಬೆರಳು ಅಗಲದಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್ ಸಾಲುಗಳು. ನಗೆ ಇದ್ದದ್ದು ಅಲ್ಲಿ. ಒಬ್ಬ ಡಾಕ್ಟರು ಉದ್ದ ಕೊಳವೆಯನ್ನು ದಢೂತಿ ಹೋಟೆಲಿನವನ ಎದೆಗಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಾನೆ. ನೋಡಿದರೆ ಎಂಥ ಶ್ರದ್ಧೆ ಎನಿಸುತ್ತದೆ. ಕೆಳಗೆ ಹೋಟೆಲಿನವನ ಹೆಂಡತಿ ಹೇಳುತ್ತಾಳೆ, 'ಶ್, ಡಾಕ್ಟರನ್ನು ಎಬ್ಬಿಸಬೇಡಿ, ಈಗಷ್ಟೇ ನಿದ್ದೆ ಹತ್ತಿದೆ.' ಇನ್ನೊಂದರಲ್ಲಿ ಒಬ್ಬ ಮುದುಕಿ ಔಷಧಿ ಸೀಸೆ ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ಬೆಕ್ಕು. ಔಷಧಿ ಕುಡಿದೆಯಾ ಎಂದು ಡಾಕ್ಟರು ಕೇಳುತ್ತಾನೆ. 'ಬೆಕ್ಕಿಗೆ ಕೊಟ್ಟಿದ್ದೇನೆ ಸ್ವಾಮಿ. ಗುರುವಾರದವರೆಗೆ ಅದು ಬದುಕಿದರೆ ನಾನೂ ಕುಡಿಯುತ್ತೇನೆ.'

ಇವುಗಳನ್ನೇಕೆ ರೋಗಿಗಳು ಕೂರುವ ಕಡೆ ಹಾಕುತ್ತೀರಿ ಎಂದು ಕೇಳಿದೆ.

"ಡಾಕ್ಟರನ್ನು ನೋಡಿ ಹೆದರುವ ಪೇಷೆಂಟು ಅರ್ಧ ವಿಷಯ ಮುಚ್ಚಿಡ್ತಾನೆ. ನಕ್ಕವನು ಹೇಳ್ತಾನೆ," ಎಂದರು. "ಆ ಕೆಳಗಿನ ಸಾಲಿಗೆ ಮಾತ್ರ ಎಂತದೂ ಆಗಬಾರದು."

ಆಗಲಿಲ್ಲ. ಅಂಟು ಹಚ್ಚದೆ, ಮೇಲಂಚಿಗೆ ಎರಡೇ ಕಡೆ ತೆಳು ಕಾಗದದ ಕೊಂಡಿ ಕೊಟ್ಟು ನಿಲ್ಲಿಸಿ, ಸುತ್ತ ಕಿಟಕಿಯಂತೆ ಕೊರೆದ ದಪ್ಪ ರಟ್ಟು ಇಟ್ಟು ಕಟ್ಟಿದೆ. ಸಾಲುಗಳೆಲ್ಲ ಕಿಟಕಿಯೊಳಗೆ ಕಾಣುತ್ತಿದ್ದವು. ಹಿಂದೆ ಚೀಟಿ ಅಂಟಿಸಿದೆ. ನನ್ನ ಕಸುಬಿನಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಯಾರು ಬೇಕಾದರೂ ಜಂಬ ಎನ್ನಲಿ.

ಆಮೇಲೆ ಎರಡು ಮೂರು ಸಲ ಫ್ರೇಮ್ ನೋಡುವ ನೆಪದಲ್ಲಿ ಆ ಕ್ಲಿನಿಕ್ಕಿಗೆ ಹೋಗಿದ್ದೆ. ಅಷ್ಟು ಸಣ್ಣ ಇಂಗ್ಲಿಷನ್ನು ಜ್ವರ ಬಂದವರು ಯಾರು ಓದುತ್ತಾರೆ? ಜೆಸಿಂತಾ ಹೇಳುತ್ತಿದ್ದಳು. ಬಿಪಿ ನೋಡುತ್ತಾ ಕನ್ನಡದಲ್ಲಿ, ಕೊಂಕಣಿಯಲ್ಲಿ, ಹಿಂದಿಯಲ್ಲಿ, ಅರೆಬರೆ ಅರೇಬಿಕ್‌ನಲ್ಲಿ. ಬುರ್ಖಾ ಹಾಕಿದ ಒಬ್ಬ ಅಜ್ಜಿ ಬೆಕ್ಕಿನ ಚಿತ್ರ ನೋಡಿ 'ಯಲ್ಲಾ, ಬೇಗ ಹೇಳು, ಗುರುವಾರ ಬಂತಾ' ಎಂದು ಪ್ರತಿ ಸಲ ಕೇಳುತ್ತಿದ್ದಳಂತೆ.

ಈ ನಡುವೆ ನಮ್ಮ ಕೆಲಸದ ರೀತಿಯೂ ಬದಲಾಯಿತು. ಕಿಟಕಿ ಕೊರೆಯಲು ಕಂಪ್ಯೂಟರ್ ಯಂತ್ರ ಬಂತು. ಜನ ಮೊಬೈಲಿನಿಂದ ಫೋಟೊ ಕಳಿಸಿ ಕ್ಯಾನ್ವಾಸಿನ ಮೇಲೆ ಮುದ್ರಿಸಿ ಕೊಡಿ ಎನ್ನತೊಡಗಿದರು. ಆಸ್ಪತ್ರೆಗಳಿಗೆ ಒಂದೇ ಅಳತೆಯ ಹೂವು, ಮರಳುದಿಬ್ಬ, ಕಲ್ಲಿನ ಮೇಲೆ ಕಲ್ಲು. ನೂರು ಗೋಡೆಗೆ ನೂರು ಹೂವು. ಯಂತ್ರ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನ್ನ ಕೈಗಿಂತ ನೇರವಾಗಿ ಅದು ಕೊರೆಯುತ್ತದೆ. ನಾನು ಎಡಚ. ನಾನು ಕೊರೆದ ಅಂಚು ಯಾವಾಗಲೂ ಒಳಕ್ಕೆ ಒಂದು ಕೂದಲಷ್ಟು ವಾಲುತ್ತದೆ. ಈ ವಾಲು ನೆನಪಿರಲಿ, ಮುಂದೆ ಬರುತ್ತದೆ.

ಡಾಕ್ಟರ್ ಸಲ್ಡಾನರ ಕ್ಲಿನಿಕ್ಕನ್ನು ಒಂದು ದೊಡ್ಡ ಆಸ್ಪತ್ರೆ ಸಮೂಹ ಕೊಂಡುಕೊಂಡಿತು. ಡಾಕ್ಟರರು ಅಲ್ಲೇ ಸಂಬಳದ ಡಾಕ್ಟರಾಗಿ ಉಳಿದರು. ಕುರ್ಚಿ, ಮಂಚ, ಫ್ರಿಜ್ಜಿನ ಜೊತೆಗೆ ಚಿತ್ರಗಳೂ ಕೈಬದಲಾದವು. ಆಡಳಿತ ನೋಡಿಕೊಳ್ಳಲು ಬಂದವರು ಬೆಂಗಳೂರಿನ ಪ್ರಶಾಂತ್. ಚುರುಕಿನ ಮನುಷ್ಯ, ಮಾತು ಮೆದು. ಚಿತ್ರಗಳನ್ನೆಲ್ಲ ಕೆಳಗಿಳಿಸಿ ನಮ್ಮ ಅಂಗಡಿಗೆ ಕಳಿಸಿದರು. ಜೊತೆಗೆ ಒಂದು ಕಾಗದ: ಹಳೆಯ ಕಾಲದ ನೋಟ ಚೆನ್ನಾಗಿದೆ, ಇರಲಿ, ಕೆಳಗಿನ ಬರಹ ವೈದ್ಯರಿಗೆ ಗೌರವ ತರುವಂಥದ್ದಲ್ಲ, ಕತ್ತರಿಸಿ ತೆಗೆದು, ಎಲ್ಲವನ್ನೂ ಒಂದೇ ಅಳತೆಯ ಫ್ರೇಮಿನಲ್ಲಿ ಕೂರಿಸುವುದು. ಇದು ಸರಿಹೋದರೆ ಸಮೂಹದ ಎಲ್ಲ ಆಸ್ಪತ್ರೆಗಳ ಗೋಡೆಗಳ ಕೆಲಸವನ್ನೂ ನಮಗೇ ಕೊಡುವುದಾಗಿ ಭೋಜಣ್ಣನಿಗೆ ಫೋನಿನಲ್ಲಿ ಹೇಳಿದ್ದರು.

ಇಲ್ಲಿಂದ ಮುಂದೆ ನನ್ನ ನೆನಪು ಹೇಳುವುದನ್ನು ಹೇಳುತ್ತೇನೆ.

ನಾನು ಬ್ಲೇಡನ್ನು ಮೇಜಿನ ಮೇಲಿಟ್ಟೆ. "ಭೋಜಣ್ಣ, ಇದು ಆಗುದಿಲ್ಲ. ನೂರು ವರ್ಷಕ್ಕಿಂತ ಹಳೇ ಕಾಗದ. ಕತ್ತರಿಸಿದ್ರೆ ಮತ್ತೆ ಹುಟ್ಟುದಿಲ್ಲ."

"ನಿಮ್ಮ ಅಜ್ಜನ ಆಸ್ತಿಯಾ ಅದು? ಅವರ ಚಿತ್ರ, ಅವರ ಬಾಲ. ಅವರು ಕತ್ತರಿಸಿ ಅಂತ ಹೇಳಿದ್ರೆ ಕತ್ತರಿಸುದು."

"ನಾನು ಕತ್ತರಿಸುದಿಲ್ಲ."

"ಹಾಗಾದ್ರೆ ಕತ್ತರಿಸುವವರನ್ನು ತರ್ತೇನೆ. ನಿಮ್ಮ ವೀಸಾ ಯಾವಾಗ ಮುಗಿಯುದು ಮಾಸ್ಟ್ರೇ?"

ಅವರು ಕೆಟ್ಟವರಲ್ಲ. ಹಾಗೆ ಕೇಳಿದ ಮೇಲೆ ತಾವೇ ತಲೆ ತಗ್ಗಿಸಿದರು. ನಾನು ಒಂದು ಉಪಾಯ ಮಾಡಿದೆ. ಕಿಟಕಿಯ ರಟ್ಟನ್ನು ಕೆಳಗಡೆ ಎರಡು ಬೆರಳು ಅಗಲವಾಗಿ ಬಿಟ್ಟು ಕೊರೆದು, ಸಾಲುಗಳು ಅದರಡಿ ಮುಚ್ಚಿಹೋಗುವಂತೆ ಕಟ್ಟಿದೆ. ಹೊರಗಿನಿಂದ ನೋಡಿದರೆ ಕತ್ತರಿಸಿದಂತೆಯೇ. ಭೋಜಣ್ಣ ನೋಡಿಯೂ ನೋಡದವರಂತೆ ಇದ್ದರು. ಹಿಂದೆ ಚೀಟಿ ಅಂಟಿಸಲಿಲ್ಲ. 'ಕತ್ತರಿಸಿಲ್ಲ' ಎಂದು ಬರೆಯುವಂತಿರಲಿಲ್ಲ, 'ಕತ್ತರಿಸಿದೆ' ಎಂದು ಬರೆಯಲು ಮನಸ್ಸಿರಲಿಲ್ಲ. ಹದಿನಾಲ್ಕೂ ಸಾಲುಗಳನ್ನು ಉಳಿಸಿದೆ ಎಂಬ ಹೆಮ್ಮೆಯಲ್ಲಿ ಎಷ್ಟೋ ತಿಂಗಳು ಕಳೆದೆ.

ಒಂದು ಬೆಳಗ್ಗೆ ಜೆಸಿಂತಾಳ ಫೋನು ಬಂತು. ಅಷ್ಟು ಹೊತ್ತಿಗೆ ಅವಳೂ ನನ್ನನ್ನು ಮಾಸ್ಟ್ರೇ ಎನ್ನತೊಡಗಿದ್ದಳು. ಯಾವಾಗಲೂ ಮೊದಲು ಆ ಮಸುಕು ಮೊಹರಿನ ಮಾತೆತ್ತಿ ಕೆಣಕುತ್ತಿದ್ದವಳು ಅಂದು ಎತ್ತಲಿಲ್ಲ.

"ಮಾಸ್ಟ್ರೇ, ನೀವು ಆ ಬರಹ ನಿಜವಾಗಿ ಕತ್ತರಿಸಿದ್ದೀರಾ?"

ವಿಷಯ ಇದು. ಚಿತ್ರಗಳಲ್ಲೊಂದು ಮೂವರು ಡಾಕ್ಟರುಗಳದ್ದು. ಮಂಚದ ಮೇಲೆ ಬಡಕಲು ರೋಗಿ. ಅವನಿಗೆ ಬೆನ್ನು ಹಾಕಿ ಮೂವರು ತಲೆಗೆ ತಲೆ ಕೊಟ್ಟು ಗಂಭೀರವಾಗಿ ಮಾತಾಡುತ್ತಿದ್ದಾರೆ. ರೋಗಿಯ ಹೆಂಡತಿ, ಎಲ್ಲರ ಅಭಿಪ್ರಾಯ ಒಂದೇ ಆಯಿತೇ ಎಂದು ಕೇಳುತ್ತಾಳೆ. 'ಪೂರ್ತಿ ಆಯಿತು ತಾಯಿ. ಶನಿವಾರ ಮೀನು ಹಿಡಿಯಲು ಹೋಗುವುದು.' ಸಾಲು ಮುಚ್ಚಿದ ಮೇಲೂ ಜೆಸಿಂತಾ ಬಾಯಿಂದ ಹೇಳುತ್ತಲೇ ಇದ್ದಳು. ಸುರತ್ಕಲ್ಲಿನ ಒಬ್ಬರಿಗೆ ಬೆನ್ನುನೋವೆಂದು ಮೂವರು ಸ್ಪೆಷಲಿಸ್ಟುಗಳಿಗೆ ಬರೆದುಕೊಟ್ಟಿದ್ದರು. ಅವರು ಈ ಕಥೆ ಕೇಳಿ ನಕ್ಕು, ಕೌಂಟರಿಗೆ ಹೋಗಿ, "ಮೂರೂ ಕ್ಯಾನ್ಸಲ್ ಮಾಡಿ. ಅವರು ಮೀನಿಗೆ ಹೋಗ್ಲಿ, ನಾನು ಮನೆಗೆ ಹೋಗ್ತೇನೆ," ಎಂದರಂತೆ. ಪ್ರಶಾಂತ್ ಅಲ್ಲೇ ನಿಂತಿದ್ದರು.

ಜೆಸಿಂತಾಳಿಗೆ ಮೆಮೊ ಬಂತು. ಚಿತ್ರದಲ್ಲಿ ಇಲ್ಲದ ಕಥೆ ಕಟ್ಟಿ, ವೈದ್ಯರನ್ನು ಹೀಯಾಳಿಸಿ, ರೋಗಿ ಚಿಕಿತ್ಸೆ ಬಿಡುವಂತೆ ಮಾಡಿದ್ದಾಳೆ. ಕೆಲಸದಿಂದ ಏಕೆ ತೆಗೆಯಬಾರದು ಎಂದು ಮೂರು ದಿನದಲ್ಲಿ ಹೇಳಬೇಕು. ಹಾಗೆ ತೆಗೆದರೆ ಲೈಸೆನ್ಸಿನ ಕಡತದಲ್ಲಿ ಕಪ್ಪು ಗುರುತು ಬೀಳುತ್ತದೆ, ಮತ್ತೆ ಯಾವ ಆಸ್ಪತ್ರೆಯೂ ಮುಟ್ಟುವುದಿಲ್ಲ. ಅವಳ ಮಗಳು ಅಲ್ಲಿನ ಶಾಲೆಯಲ್ಲಿದ್ದಳು.

"ಡಾಕ್ಟರ್ ಸಲ್ಡಾನರನ್ನು ಕೇಳಿದೆಯಾ? ಚಿತ್ರ ಅವರದ್ದೇ ಅಲ್ವಾ?"

"ಕೇಳಿದೆ. ಸರಿಯಾಗಿ ನೆನಪಿಲ್ಲ ಅಂತಾರೆ."

ನೆನಪಿಲ್ಲ ಎನ್ನುವುದರಲ್ಲಿ ಎರಡು ಬಗೆ. ನನ್ನದು ಒಂದು ಬಗೆ, ಕಾಯಿಲೆಯಂಥದ್ದು. ಡಾಕ್ಟರರದ್ದು ಇನ್ನೊಂದು, ಛತ್ರಿಯಂಥದ್ದು, ಬೇಕಾದಾಗ ಬಿಚ್ಚಿಕೊಳ್ಳುವುದು. ನನಗೆ ಮೈ ಉರಿಯಿತು. "ಕತ್ತರಿಸಿಲ್ಲ ಜೆಸಿಂತಾ. ಒಂದೂ ಕತ್ತರಿಸಿಲ್ಲ. ನಾಳೆ ಬಂದು ಬಿಚ್ಚಿ ತೋರಿಸ್ತೇನೆ," ಎಂದೆ.

ಭೋಜಣ್ಣನಿಗೆ ಹೇಳಿಯೇ ಹೋದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿ, "ಒಂದೂ ಇಲ್ವಾ? ಗ್ಯಾರಂಟಿಯಾ?" ಎಂದರು. ನಾನು ಅದನ್ನು ಕುಹಕ ಎಂದುಕೊಂಡೆ. ಅಬುಧಾಬಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ಎಡಗೈ ಬೆರಳುಗಳು ಸುಮ್ಮನೆ ತೊಡೆಯ ಮೇಲೆ ಒಂದು ನೇರ ಗೆರೆ ಎಳೆಯುತ್ತಿದ್ದವು. ಕೈಗೆ ಏನೋ ಗೊತ್ತಿತ್ತು.

ಕ್ಲಿನಿಕ್ಕಿನ ಬಾಗಿಲಲ್ಲಿ ಕಾವಲಿನವನು ಚೀಲ ತೆರೆಸಿ ಬ್ಲೇಡು ನೋಡಿ ಗಾಬರಿಯಾದ. "ಆಪರೇಶನ್ ಮಾಡಲು ಬಂದಿದ್ದೇನೆ," ಎಂದೆ. ಪ್ರಶಾಂತ್ ಅವರ ಕೋಣೆಯಲ್ಲಿ ನಾಲ್ಕೇ ಜನ, ಅವರು, ಡಾಕ್ಟರ್ ಸಲ್ಡಾನ, ಜೆಸಿಂತಾ, ನಾನು. ಮೂವರು ಡಾಕ್ಟರುಗಳ ಚಿತ್ರ ಮೇಜಿನ ಮೇಲೆ ಮೊದಲೇ ಇತ್ತು.

"ನೋಡಿ ಸರ್, ನಂಗೂ ಸಿಸ್ಟರ್ ಮೇಲೆ ಏನೂ ದ್ವೇಷ ಇಲ್ಲ," ಎಂದರು ಪ್ರಶಾಂತ್. "ಆದ್ರೆ ಬರೀ ಚಿತ್ರ ನೋಡಿದ್ರೆ ಮೂರು ಜನ ಡಾಕ್ಟರ್ಸ್ ಎಷ್ಟು ಸೀರಿಯಸ್ಸಾಗಿ ಡಿಸ್ಕಸ್ ಮಾಡ್ತಿದಾರೆ. ಮೀನು ಎಲ್ಲಿಂದ ಬಂತು?"

"ಒಳಗಿದೆ. ತೋರಿಸುತ್ತೇನೆ."

ಫ್ರೇಮನ್ನು ಮಗುಚಿದೆ. ಹಿಂದಿನ ಟೇಪು ಸೀಳಿದೆ, ಮೊಳೆಗಳನ್ನು ಬಾಗಿಸಿ ತೆಗೆದೆ, ರಟ್ಟು ಎತ್ತಿದೆ. ಚಿತ್ರದ ಕೆಳಗಂಚು ಮುಗಿದುಹೋಗಿತ್ತು. ಮಂಚದ ಕಾಲಿನ ಕೆಳಗೆ ಅರ್ಧ ಬೆರಳು ಬಿಳಿ, ಅಷ್ಟೇ. ಸಾಲು ಇರಲಿಲ್ಲ.

ಜೆಸಿಂತಾ ಮೇಜಿನ ಅಂಚು ಹಿಡಿದುಕೊಂಡಳು. ನಾನು ಕಾಗದವನ್ನು ಬೆಳಕಿಗೆ ಹಿಡಿದೆ. ಕತ್ತರಿಸಿದ ಗೆರೆ ಒಳಕ್ಕೆ ಒಂದು ಕೂದಲಷ್ಟು ವಾಲಿತ್ತು.

"ಇಲ್ಲ ಅಲ್ವಾ?" ಎಂದರು ಪ್ರಶಾಂತ್.

ಆ ಕ್ಷಣ ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಆಜ್ಞೆಯಂತೆ ಕತ್ತರಿಸಿದ್ದೇನೆ, ನಮಸ್ಕಾರ ಎಂದು ಬಸ್ಸು ಹತ್ತಬಹುದಿತ್ತು.

"ಈ ಕಾಗದದ ನಾಲ್ಕು ಅಂಚು ನೋಡಿ," ಎಂದೆ. "ಮೂರು ಅಂಚು ಚಾದ ಬಣ್ಣಕ್ಕೆ ತಿರುಗಿವೆ. ಹಳೇ ಕಾಗದ ಅಂಚಿನಿಂದ ಕಂದುತ್ತದೆ. ಕೆಳಗಿನ ಅಂಚು ಮಾತ್ರ ಬಿಳಿ, ಈಚಿನದು. ಇಲ್ಲಿ ಎರಡು ಬೆರಳು ಕಾಗದ ಇತ್ತು. ಕತ್ತರಿಸಿದ್ದು ನಾನು, ಇದು ನನ್ನ ಕೈಯ ಗೆರೆ. ಕತ್ತರಿಸಲು ಹೇಳಿದ್ದು ನೀವು, ಹಾಗೆಂದು ನೀವು ಬರೆದ ಕಾಗದ ನಮ್ಮಲ್ಲಿದೆ. ಏನೂ ಬರೆದಿರದಿದ್ದರೆ ಏನನ್ನು ಕತ್ತರಿಸಲು ಹೇಳಿದಿರಿ?"

ಪ್ರಶಾಂತ್ ಕುರ್ಚಿಗೆ ಒರಗಿದರು. "ಸರಿ. ಏನೋ ಇತ್ತು ಅಂತ ಒಪ್ತೀನಿ. ಇವ್ರು ಹೇಳಿದ್ದೇ ಇತ್ತು ಅನ್ನೋದಕ್ಕೆ ಆಧಾರ?"

ಇಷ್ಟು ವರ್ಷ ನಾನು ಊರಿಗೆಲ್ಲ ಕೇಳಿದ ಪ್ರಶ್ನೆ. ಡಾಕ್ಟರ್ ಸಲ್ಡಾನರ ಕಡೆ ತಿರುಗಿದೆ. ಅವರು ಕನ್ನಡಕ ಒರೆಸುತ್ತಿದ್ದರು.

"ಬಹಳ ವರ್ಷ ಆಯ್ತಲ್ಲ... ನನಗೆ ಖಂಡಿತವಾಗಿ..."

ಅವರು ವಾಕ್ಯ ಮುಗಿಸುವವರೆಗೆ ನಾನು ಕಾಯಲಿಲ್ಲ. ಹೊರಗೆ ಹೋಗಿ ಗೋಡೆಯಿಂದ ಕೈಗೆ ಸಿಕ್ಕಿದ ಇನ್ನೊಂದು ಚಿತ್ರ ಇಳಿಸಿ ತಂದೆ. ಅದೂ ಕತ್ತರಿಸಿದ್ದೇ ಆದರೆ? ಟೇಪು ಸೀಳಿದೆ. ರಟ್ಟು ಎತ್ತಿದೆ. ಸಾಲು ಇತ್ತು. ಅಚ್ಚಾದ ದಿನದಂತೆಯೇ ಕಪ್ಪಗೆ, ಪೂರ್ತಿ.

ಆ ಚಿತ್ರದಲ್ಲಿ ಪರದೆ ಎಳೆದ ಒಂದು ಮನೆಯಿಂದ ಇಬ್ಬರು ಡಾಕ್ಟರುಗಳು ಹೊರಬರುತ್ತಿದ್ದಾರೆ, ಒಬ್ಬ ಮುದುಕ, ಒಬ್ಬ ಎಳೆಯ. ಸಾಲನ್ನು ಪ್ರಶಾಂತ್ ಅವರೇ ಓದಿದರು, ಗಟ್ಟಿಯಾಗಿ. ರೋಗಿ ಉಳಿಯಲಿಲ್ಲವಲ್ಲ ಗುರುಗಳೇ ಎನ್ನುತ್ತಾನೆ ಎಳೆಯ. ಮುದುಕ ಹೇಳುತ್ತಾನೆ: 'ಬೇಸರ ಬೇಡ, ಕೊಲ್ಲಲು ನಮ್ಮ ಔಷಧಿ ಪಕ್ಕದ ಬೀದಿಯ ಡಾಕ್ಟರನ ಔಷಧಿಗಿಂತ ಎರಡು ದಿನ ಹೆಚ್ಚು ತೆಗೆದುಕೊಂಡಿತು.'

ಓದಿ ಮುಗಿಸಿ ಅವರು ಕಾಗದವನ್ನು ಮೆಲ್ಲಗೆ ಕೆಳಗಿಟ್ಟರು. "ಇದನ್ನೂ ಪೇಷೆಂಟ್ಸ್‌ಗೆ ಹೇಳ್ತಿದ್ರಾ ಸಿಸ್ಟರ್?"

"ಇಲ್ಲ ಸರ್."

"ಕೇಳಿದ್ರೆ ಏನು ಹೇಳ್ತಿದ್ರಿ?"

"ಚಾ ಕುಡೀಲಿಕ್ಕೆ ಹೋಗ್ತಿದ್ದಾರೆ ಅಂತ."

ಪ್ರಶಾಂತ್ ಬಾಯಿಗೆ ಕೈ ಅಡ್ಡ ಇಟ್ಟರು. ನಕ್ಕರೋ ಇಲ್ಲವೋ ಪ್ರಮಾಣ ಮಾಡಿ ಹೇಳಲಾರೆ. ಆಗ ಡಾಕ್ಟರ್ ಸಲ್ಡಾನ ಕನ್ನಡಕ ಹಾಕಿಕೊಂಡು ಹೇಳಿದರು, "ಭಾನುವಾರ. ಭಾನುವಾರ ಮೀನು ಹಿಡಿಯಲಿಕ್ಕೆ. ಅವಳು ಹೇಳಿದ್ದು ಸರಿ."

"ಶನಿವಾರ, ಡಾಕ್ಟ್ರೇ," ಎಂದಳು ಜೆಸಿಂತಾ. ಅವಳ ದನಿಯಲ್ಲಿ ಎಳ್ಳಷ್ಟೂ ಉಪಕಾರಸ್ಮರಣೆ ಇರಲಿಲ್ಲ. ಅಷ್ಟು ತಡವಾಗಿ ಬಂದ ನೆನಪಿಗೆ ಅಷ್ಟೇ ಮರ್ಯಾದೆ.

ಮೆಮೊ ವಾಪಸಾಯಿತು. ಚಿತ್ರಗಳೂ ಗೋಡೆಯಿಂದ ಇಳಿದವು, ಕ್ಯಾನ್ವಾಸಿನ ಹೂವುಗಳು ಬಂದವು. ಡಾಕ್ಟರರು ತಮ್ಮ ಚಿತ್ರಗಳನ್ನು ಮನೆಗೆ ಒಯ್ದರು. ಬಾಲ ಕತ್ತರಿಸಿದ್ದನ್ನು ಮಾತ್ರ ಮುಟ್ಟಲಿಲ್ಲ. ಪ್ರಶಾಂತ್ ಅದನ್ನು ನನ್ನ ಕಡೆ ತಳ್ಳಿ, "ಇದು ಇನ್ನು ಯಾವ ಕೆಲ್ಸಕ್ಕೆ? ನೀವೇ ತಗೊಂಡು ಹೋಗಿ," ಎಂದರು. ತೆಗೆದುಕೊಂಡೆ.

ಜೆಸಿಂತಾ ಬಾಗಿಲವರೆಗೆ ಬಂದಳು. ಕ್ಷಮೆ ಕೇಳಲು ಬಾಯಿ ತೆರೆದೆ.

"ನನ್ನ ಸರ್ಟಿಫಿಕೇಟ್ ಅಂಟಿಸಿದ್ರಿ, ಈಗ ನನ್ನ ಸಾಕ್ಷಿ ಕತ್ತರಿಸಿದ್ರಿ. ಮೂರನೇದು ಎಂತ ಮಾಡ್ಲಿಕ್ಕೂ ಬರಬೇಡಿ ಮಾಸ್ಟ್ರೇ," ಎಂದಳು. ಆಮೇಲೆ ಒಳಗೆ ಓಡಿ ಒಂದು ಡಬ್ಬಿಯಲ್ಲಿ ನೀರುದೋಸೆ ತಂದು ಕೈಗಿಟ್ಟಳು. "ಬಸ್ಸಲ್ಲಿ ತಿನ್ನಿ. ಡಬ್ಬಿ ವಾಪಸ್ ಬೇಕು."

ಸತ್ವಾಕ್ಕೆ ಬಂದಾಗ ಭೋಜಣ್ಣನಿಗೆ ಸುದ್ದಿ ಮುಟ್ಟಿಯಾಗಿತ್ತು. ಆಸ್ಪತ್ರೆಗಳ ಗೋಡೆಗಳೆಲ್ಲ ಬೇರೆ ಅಂಗಡಿಗೆ ಹೋದವು.

"ಉಳಿದದ್ದು ಕತ್ತರಿಸ್ಲಿಲ್ಲ ಅಂತ ಅವರಿಗೆ ಸಿಟ್ಟು. ಒಂದು ಕತ್ತರಿಸಿದೆ ಅಂತ ನಿಮಗೆ ಸಿಟ್ಟು. ನಾನು ಯಾರ ಮೇಲೆ ಸಿಟ್ಟು ಮಾಡುದು ಮಾರಾಯ್ರೆ?"

"ನಾನು ಕತ್ತರಿಸಿದ್ದು ನಿಮಗೆ ಗೊತ್ತಿತ್ತಾ?"

"ನನ್ನ ಎದುರೇ ಅಲ್ವಾ ಕತ್ತರಿಸಿದ್ದು! ಅವರ ಕಾಗದ ಬಂದ ಕೂಡ್ಲೇ ರಾಶಿಯಲ್ಲಿ ಮೇಲಿದ್ದ ಚಿತ್ರ ತೆಗೆದು, ಎಂತದೂ ಹೇಳದೆ, ಸರಕ್ ಅಂತ ಒಂದು ಎಳೆದ್ರಿ. ಆ ಪಟ್ಟಿ ಕೈಯಲ್ಲಿ ಹಿಡಿದು ಓದಿ ನಕ್ಕಿರಿ. ಆಮೇಲೆ ಮುಖ ಸಣ್ಣ ಮಾಡಿ ಬ್ಲೇಡು ಕೆಳಗಿಟ್ಟು 'ಇದು ಆಗುದಿಲ್ಲ' ಅಂತ ಶುರು ಮಾಡಿದ್ರಿ. ಪಟ್ಟಿ ಕಸಕ್ಕೆ ಹೋಯ್ತು."

ನಕ್ಕದ್ದು ನನಗೆ ಇಂದಿಗೂ ನೆನಪಿಲ್ಲ. ಬ್ಲೇಡು ಕೆಳಗಿಟ್ಟದ್ದು ನೆನಪಿದೆ, ಆಡಿದ ಮಾತು ನೆನಪಿದೆ. ಅದಕ್ಕೂ ಮುಂಚಿನ ಒಂದು ನಿಮಿಷವನ್ನು ನನ್ನ ತಲೆ ನನ್ನನ್ನು ಕೇಳದೆಯೇ ಕತ್ತರಿಸಿ ಎಸೆದಿದೆ. ನಾನು ನಿರಾಕರಿಸಿದ್ದು ಸುಳ್ಳಲ್ಲ. ಮೊದಲನೆಯದನ್ನು ಕತ್ತರಿಸಿದ ಮೇಲೆ ನಿರಾಕರಿಸಿದೆ, ಅಷ್ಟೇ.

ವೀಸಾ ಮುಗಿದಾಗ ಭೋಜಣ್ಣ ಮುಂದುವರಿಸಲಿಲ್ಲ. "ಖಲಾಸ್ ಮಾಸ್ಟ್ರೇ. ನಿಮಗೂ ವಯಸ್ಸಾಯ್ತು," ಎಂದರು. ಕಾಗದದಲ್ಲೂ ವಯಸ್ಸಿನ ಕಾರಣವೇ ಇದೆ. ಅದು ಸುಳ್ಳು. ಹದಿಮೂರು ಸಾಲು ಉಳಿಸಿದ್ದಕ್ಕೆ ಕೆಲಸ ಹೋಯಿತು. ನನಗೆ ಅದರ ಬಗ್ಗೆ ಬೇಸರವಿಲ್ಲ, ಬೇಸರವಿರಬೇಕು ಎಂದು ಹೇಳುವವರ ಜೊತೆ ನನಗೆ ಮಾತೂ ಇಲ್ಲ. ಹೊಸಬರಿಗೆ ನಾನು ಹೇಳುವುದು: ಗಿರಾಕಿ ಹೇಳಿದರೂ, ಧಣಿ ಹೇಳಿದರೂ, ಕಾಗದಕ್ಕೆ ಬ್ಲೇಡು ಹಾಕಬೇಡಿ. ಹಾಕಿಬಿಟ್ಟರೆ ಅದೇ ಗಳಿಗೆಯಲ್ಲಿ ಚೀಟಿಯಲ್ಲಿ ಬರೆಯಿರಿ. ಆಮೇಲೆ ನೆನಪಿಸಿಕೊಂಡು ಬರೆಯುತ್ತೇನೆ ಎಂದುಕೊಳ್ಳಬೇಡಿ. ಆಮೇಲೆ ನೀವು ಒಳ್ಳೆಯವರಾಗಿಬಿಟ್ಟಿರುತ್ತೀರಿ.

ಮೂವರು ಡಾಕ್ಟರುಗಳ ಚಿತ್ರ ಈಗ ಉಡುಪಿಯ ನನ್ನ ಮನೆಯ ಗೋಡೆಯ ಮೇಲಿದೆ. ಕಿಟಕಿಯನ್ನು ಕೆಳಗಡೆ ಎರಡು ಬೆರಳು ಉದ್ದವಾಗಿಯೇ ಕೊರೆದಿದ್ದೇನೆ. ಅಲ್ಲಿ ಬರಿಯ ಖಾಲಿ ರಟ್ಟು ಕಾಣುತ್ತದೆ. ಬಂದವರೆಲ್ಲ ಮೊದಲು ಅದನ್ನೇ ನೋಡಿ ಇದೇನು ಎಂದು ಕೇಳುತ್ತಾರೆ. ಕಣ್ಣಿಗೆ ಬೀಳಲೆಂದೇ ನಾನು ಕಟ್ಟಿದ ಫ್ರೇಮು ಇದೊಂದೇ. ಕೇಳಿದವರಿಗೆ ಅದನ್ನು ಇಳಿಸಿ, ಮಗುಚಿ, ಹಿಂದಿನ ಚೀಟಿ ತೋರಿಸುತ್ತೇನೆ:

'ಕಟ್ಟಿದ್ದು ನಾನು. ಅಂಟು ಇಲ್ಲ. ಕೆಳಗಿನ ಸಾಲಿನಲ್ಲಿ ಮೀನು ಹಿಡಿಯಲು ಹೋಗುವ ದಿನ ಶನಿವಾರ, ಜೆಸಿಂತಾ ಹೇಳಿದಂತೆ. ಭಾನುವಾರ, ಡಾಕ್ಟರರು ಹೇಳಿದಂತೆ. ನಾನು ಓದಿದ್ದೆನಂತೆ, ನಕ್ಕಿದ್ದೆನಂತೆ. ಕತ್ತರಿಸಿದ್ದೂ ನಾನೇ.'